ಕೊಟ್ಟು ಮರೆ

ಅವನು ಬಂದದ್ದು ಕಬ್ಬಿಣದ ಅದಿರು ಒಯ್ಯುವ ಹಡಗಿನಲ್ಲಿ,
ಬರುವಾಗ ಅದರ ಹೊಟ್ಟೆಯ ತುಂಬ ಕಲ್ಲಿದ್ದಲು.
ಇಳಿದಾಗ ಅವನ ಕಿವಿಯೊಳಗೂ ಮಸಿ;
ಅದು ಹಡಗಿನದಲ್ಲ, ಡರ್ಹ್ಯಾಮಿನ ಗಣಿಯದು,
ಉಜ್ಜಿದರೂ ಹೋಗದ್ದು ಎಂದು ಆಮೇಲೆ ತಿಳಿಯಿತು ನನಗೆ,
ಅವನ ದಿಂಬಿನ ಚೀಲ ಒಗೆಯುವವಳು ನಾನೇ.

ಹೆಸರು ಎನಕ್ ರೆಡ್‌ಶಾ. ಎಡಗಾಲಿನವನು.
ವಾರಕ್ಕೆ ನಾಲ್ಕು ಪೌಂಡು, ಒಂದು ಬೆಳ್ಳಿ ಪದಕ,
ಆಮೇಲೆ ಸಾವಿರದ ಒಂಬೈನೂರ ಒಂಬತ್ತರ ಫೆಬ್ರವರಿ:
ಹೆಪ್ಪುಗಟ್ಟಿದ ಮೈದಾನ, ಯಾರದೋ ಬೂಟು,
ಮಂಡಿಯೊಳಗೆ ಒಣ ಕಡ್ಡಿ ಮುರಿದ ಸದ್ದು.
ಇಪ್ಪತ್ತಾರಕ್ಕೆ ಮುದುಕ.
"ಅಷ್ಟೇ" ಅಂದ. ಅವನ ಮಾತಿನಲ್ಲಿ ಅದು ಇನ್ನೂ ಚಿಕ್ಕದು.

ನಾನು ಬೆನಿಟಾ, ಬೆರ್ಮೆಯೊದವಳು,
ಹಗಲು ಬೂತಾಯಿಯ ತಲೆ ಕತ್ತರಿಸಿ ಡಬ್ಬಿ ತುಂಬುವವಳು,
ಕಲ್ಲಿದ್ದಲು ಏಜೆಂಟನ ಮನೆಯಲ್ಲಿ ಮೂರು ವರ್ಷ ಪಾತ್ರೆ ತೊಳೆದು
ಇಂಗ್ಲಿಷು ಕದ್ದವಳು.
ಕ್ಲಬ್ಬಿನಲ್ಲಿ ದುಭಾಷಿಗೆ ದುಡ್ಡಿರಲಿಲ್ಲ. ನಾನಿದ್ದೆ.

ಮೈದಾನವೆಂದರೆ ಸಮುದ್ರ ಬಿಟ್ಟುಕೊಟ್ಟಷ್ಟು ಮರಳು.
ಇಳಿತಕ್ಕೆ ಶುರು, ಉಬ್ಬರಕ್ಕೆ ಮುಗಿತು.
ಮೂಲೆಯ ಬಾವುಟಕ್ಕೆ ಬದಲು ದೋಣಿಯ ಹುಟ್ಟು.
ಹನ್ನೊಂದು ಹುಡುಗರು, ಬಲೆ ಎಳೆದು ಸೀಳಿದ ಅಂಗೈಗಳು,
ಕಾಲಿರುವುದು ದೋಣಿಯಲ್ಲಿ ನಿಲ್ಲಲಿಕ್ಕೆ ಎಂದುಕೊಂಡವರು.
ಅವನೊಂದು ಕೂಗಿದರೆ ಅಂಚಿನಲ್ಲಿ ನಾನೊಂದು ಕೂಗುವುದು.
ಮೊದಲ ದಿನ ಬಿದ್ದು ಬಿದ್ದು ನಕ್ಕರು.
ಎರಡನೆಯ ದಿನ ಚೋಮಿನ್ ಒಬ್ಬನೇ ನಕ್ಕ;
ಅವನ ಕಿವಿ ಹಿಂಡಿದೆ. ಅದು ಅನುವಾದವಲ್ಲ.

ಗಣಿಯವರ ಇಂಗ್ಲಿಷು, ಅರ್ಧ ನುಂಗಿ ಅರ್ಧ ಉಗುಳುವುದು.
"ಕೊಟ್ಟು ಓಡು" ಎಂದಿದ್ದನಂತೆ.
ಗಾಳಿಯಲ್ಲಿ ನನಗೆ ಕೇಳಿದ್ದೇ ಬೇರೆ.
"ಕೊಟ್ಟು ಮರೆ!" ಎಂದು ಕಿರುಚಿದೆ.
ಕೊಟ್ಟರು. ಮರೆತರು.
ಕೊಟ್ಟವನು ಚೆಂಡಿನ ಕಡೆ ತಿರುಗಿಯೂ ನೋಡದೆ
ಖಾಲಿ ಜಾಗ ಹುಡುಕಿಕೊಂಡು ಹೋದ,
ಚೆಂಡು ಅವನನ್ನು ಹುಡುಕಿಕೊಂಡು ಬಂತು.
ಎನಕ್ ಬಾಯಿಂದ ಸೀಟಿ ತೆಗೆದ.
"ಅವರಿಗೆ ಏನು ಹೇಳಿದೆ?"
"ನೀನು ಹೇಳಿದ್ದೇ."

ಎರಡು ವರ್ಷದಲ್ಲಿ ಆ ಮಾತು ಬಂದರಿಗೆ ಇಳಿಯಿತು:
ಮೀನಿನ ಪಾಲು ಹಂಚುವಾಗ ದೋಣಿಯೊಡೆಯರು,
ತಂಗಿಗೆ ಸಾಲ ಕೊಡುವಾಗ ಹಲ್ಲು ಕಚ್ಚಿಕೊಂಡು ನನ್ನಮ್ಮ,
ಕೊಟ್ಟು ಮರೆ.

ಹದಿನಾರರ ಅಕ್ಟೋಬರಿನಲ್ಲಿ ಒಂದು ಲಕೋಟೆ.
ಒಳಗೆ ಕಾಗದವಿಲ್ಲ, ಒಂದು ಬಿಳಿ ಪುಕ್ಕ.
"ಯಾವ ಕೋಳಿಯದು?" ಎಂದೆ, ನಿಜಕ್ಕೂ ತಿಳಿಯದೆ.
ಅವನ ಅಣ್ಣ, ತಮ್ಮ, ಹಳೆಯ ತಂಡದ ಗೋಲಿ
ಫ್ರಾನ್ಸಿನ ಕೆಸರಿನಲ್ಲಿದ್ದರು, ಇಬ್ಬರು ಕೆಳಗೆ, ಒಬ್ಬ ಮೇಲೆ.
ಇವನು ಬಿಲ್ಬಾವೊದ ಕಾನ್ಸಲ್ ಕಚೇರಿಗೆ ಎರಡು ಸಲ ಹೋಗಿ
ಮಂಡಿ ತೋರಿಸಿ ವಾಪಸು ಬಂದಿದ್ದ;
ಅದನ್ನು ಪುಕ್ಕಕ್ಕೆ ಯಾರು ಹೇಳಬೇಕು?
ಅಂದು ಹುಡುಗರನ್ನು ನೀರು ಸೊಂಟಕ್ಕೆ ಬರುವವರೆಗೂ ಓಡಿಸಿದ.
ಅವನು ಕೂಗಲಿಲ್ಲ, ನಾನೂ ಕೂಗಲಿಲ್ಲ.

ಗೆದ್ದೆವೇ ಎಂದರೆ, ಒಂದು ಸಲ, ಪ್ರಾಂತದ ಕಪ್.
ಆಮೇಲೆ ಸೋತೆವು, ಮತ್ತೆ ಸೋತೆವು.
ಡಬ್ಬಿ ಕಾರ್ಖಾನೆಯ ಯಜಮಾನನೇ ಕ್ಲಬ್ಬಿನ ಅಧ್ಯಕ್ಷ;
ಕೈ ತೊಳೆಯಲೂ ಬಿಡದೆ ನನ್ನನ್ನು ಕರೆಸಿದ:
"ಅವನಿಗೆ ಹೇಳು, ಈ ತಿಂಗಳಿಗೆ ಸಾಕು."
ಹೇಳಿದೆ. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ.
ಎಂಟು ವರ್ಷದಲ್ಲಿ ನಾನು ಮಾಡಿದ
ಒಂದೇ ಒಂದು ಸರಿಯಾದ ಅನುವಾದ.

ಪೋರ್ಟೊ, ಲಿವೊರ್ನೊ, ಆಮೇಲೆ ರಿಗಾ ಅಂತೆ, ಅದೆಲ್ಲಿಯದೋ.
ಕಾರ್ಡುಗಳಲ್ಲಿ ಬರೀ ಲೆಕ್ಕ: ಎರಡು ಒಂದು, ಸೊನ್ನೆ ನಾಲ್ಕು.
ಒಂದರಲ್ಲಿ ಮಾತ್ರ, ನಮ್ಮ ಭಾಷೆಯಲ್ಲಿ, ಕಾಗುಣಿತ ತಪ್ಪಿ:
"ಇಲ್ಲಿಯ ದುಭಾಷಿ ಕಾಲೇಜು ಓದಿದವನು.
ಹೇಳಿದ್ದನ್ನೇ ಹೇಳುತ್ತಾನೆ.
ಹುಡುಗರು ಕೊಟ್ಟು ಓಡುತ್ತಾರೆ. ಚೆನ್ನಾಗಿಲ್ಲ."

ಉತ್ತರ ಬರೆದೆ. ಅಷ್ಟರಲ್ಲಿ ವಿಳಾಸ ಬದಲಾಗಿತ್ತು,
ನನ್ನ ಕಾಗದ ನನ್ನಲ್ಲಿಗೇ ಬಂತು, ಮೂರು ಮುದ್ರೆ ಒತ್ತಿಸಿಕೊಂಡು.

ಈಗ ಉಬ್ಬರದ ಹೊತ್ತು.
ಚೋಮಿನ್‌ನ ಮಗ ಮರಳಿನಿಂದ ಹುಟ್ಟು ಕೀಳುತ್ತಿದ್ದಾನೆ.